ಡಬ್ಬಿ ಮೇಲಿನ 450 ನೋಡಿ ಎಸ್‌ಎಂಪಿಎಸ್ ಕೊಳ್ಳಬೇಡಿ

ನಮಸ್ಕಾರ. ನನ್ನ ಕೈಯಲ್ಲಿರುವ ಈ ಸುಟ್ಟ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ, ನೋಡಿ. ಕಾರವಾರದ ಕೋಡಿಬಾಗದಲ್ಲಿ, ನಮ್ಮ ಮನೆಯಲ್ಲಿ, ಎರಡು ಮಳೆಗಾಲ ದಾಟಿತ್ತು. ಮೂರನೆಯ ಜೂನ್‌ನಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಮತ್ತೆ ಬಂದಾಗ ‘ಟಪ್’ ಅಂತ ಸದ್ದು, ಸುಟ್ಟ ವಾಸನೆ. ಇದೊಂದೇ ಕೆಟ್ಟಿದ್ದರೆ ನಾನು ಇಷ್ಟು ಮಾತಾಡುತ್ತಿರಲಿಲ್ಲ. ಮದರ್‌ಬೋರ್ಡ್, ಹಾರ್ಡ್‌ಡಿಸ್ಕ್ ಎರಡನ್ನೂ ಸುಟ್ಟುಹಾಕಿತು. ಆ ಡಿಸ್ಕಿನಲ್ಲಿ ನಮ್ಮ ಅಜ್ಜಿಯ ಕೊನೆಯ ಫೋಟೋಗಳಿದ್ದವು.

ಈ ಎಸ್‌ಎಂಪಿಎಸ್ ಮೈಮೇಲೆ ದೊಡ್ಡದಾಗಿ 450 ಅಂತ, ಅಂದರೆ 450 ವ್ಯಾಟ್ ಅಂತ, ಬರೆದಿದೆ. ನಾನು ಓದಿದ್ದು ಅಷ್ಟೇ. ಪಕ್ಕದ ಸ್ಟಿಕ್ಕರಿನ ಸಣ್ಣ ಅಕ್ಷರ ನೋಡಿ: 12 ವೋಲ್ಟಿನ ಕೆಳಗೆ 16 ಆಂಪಿಯರ್. ಗುಣಿಸಿದರೆ 192 ವ್ಯಾಟ್! ಉಳಿದದ್ದು 5 ವೋಲ್ಟ್, 3.3 ವೋಲ್ಟ್ ಎಲ್ಲ ಸೇರಿಸಿ ತೋರಿಸಿದ ಲೆಕ್ಕ. ಇವತ್ತಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿಗೆ ಬೇಕಾಗುವುದು ಮುಖ್ಯವಾಗಿ 12 ವೋಲ್ಟೇ ಅಲ್ವಾ? ಒಳ್ಳೆಯ 450 ವ್ಯಾಟಿನದರಲ್ಲಿ ಆ ಸಾಲೊಂದೇ 36 ಆಂಪಿಯರ್ ಆಸುಪಾಸು ಕೊಡುತ್ತದೆ.

ಇನ್ನು ಎಸ್‌ಎಂಪಿಎಸ್ ಮೇಲೆ ಅಂಟಿಸುವ ‘80 ಪ್ಲಸ್’ ಬ್ಯಾಡ್ಜ್. ಅದರಲ್ಲಿ ಗೋಲ್ಡ್ ದರ್ಜೆ ಅಂದರೆ ಮಾಲು ಗಟ್ಟಿ ಅಂತ ತುಂಬಾ ಜನ ನಂಬಿದ್ದಾರೆ. ಅದು ಹೇಳುವುದು ಮುಖ್ಯವಾಗಿ ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು. ಶಾರ್ಟ್ ಆದರೆ ತಕ್ಷಣ ಆಫ್ ಆಗುತ್ತದಾ, 12 ವೋಲ್ಟಿನಲ್ಲಿ ರಿಪ್ಪಲ್, ಅಂದರೆ ವೋಲ್ಟೇಜಿನ ಸಣ್ಣ ಏರಿಳಿತ, ಕಂಪ್ಯೂಟರ್ ಎಸ್‌ಎಂಪಿಎಸ್‌ಗಳ ಎಟಿಎಕ್ಸ್ ನಿಯಮದ 120 ಮಿಲಿವೋಲ್ಟ್ ಒಳಗಿದೆಯಾ? ಆ ಬ್ಯಾಡ್ಜ್ ಇದನ್ನೆಲ್ಲ ಹೇಳುವುದಿಲ್ಲ. ಅದಕ್ಕೆ ಬಿಚ್ಚಿ, ಲೋಡ್ ಹಾಕಿ, ಅಳೆದು ಬರೆದ ರಿವ್ಯೂ ಓದಬೇಕು.

ರಿಪೇರಿ ಮಾಡುವ ಗೆಳೆಯ ಇದನ್ನು ಬಿಚ್ಚಿಕೊಟ್ಟ. ನೀವು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಕರೆಂಟ್ ಹಿಡಿದಿಡುವ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು. ಇಲ್ಲಿ, ಕರೆಂಟ್ ಒಳಗೆ ಬರುವ ಜಾಗ ನೋಡಿ. ಫಿಲ್ಟರ್ ಕಾಯಿಲ್ ಇರಬೇಕಾದ ಕಡೆ ಎರಡು ತಂತಿ ತುಂಡು ಬೆಸುಗೆ ಹಾಕಿದ್ದಾರೆ. ಸರ್ಜ್, ಅಂದರೆ ವೋಲ್ಟೇಜ್ ಒಮ್ಮೆಲೇ ಏರುವುದನ್ನು, ತಡೆಯುವ ಎಂಒವಿ, ನಾಣ್ಯದಷ್ಟು ಇರುವ ಒಂದು ಬಿಲ್ಲೆ, ಅದರ ಹೆಸರು ಬೋರ್ಡಿನ ಮೇಲೆ ಅಚ್ಚಾಗಿದೆ. ಬಿಲ್ಲೆಯೇ ಇಲ್ಲ! ಕೆಪ್ಯಾಸಿಟರುಗಳು 85 ಡಿಗ್ರಿ ಬಿಸಿಯವರೆಗೆ ತಡೆಯುವಂಥವು, ತಲೆ ಉಬ್ಬಿವೆ. 105 ಡಿಗ್ರಿಯವು ಹಾಕಿದ್ದರೆ ಇಷ್ಟು ಬೇಗ ಹೋಗುತ್ತಿರಲಿಲ್ಲ. ಫ್ಯಾನಿನ ಜಾಲರಿಗೆ ತುಕ್ಕು, ಬೆಸುಗೆಯ ಸುತ್ತ ಹಸಿರು ಪುಡಿ. ಅದು ನಮ್ಮ ಉಪ್ಪುಗಾಳಿಯ ಕೆಲಸ.

ಘಟ್ಟದ ಮೇಲೆ ಶಿರಸಿಯವರಿಗೆ ಉಪ್ಪಿನ ಕಾಟ ಇಲ್ಲ, ಆದರೆ ಸಿಡಿಲು ಅವರನ್ನೂ ಬಿಡುವುದಿಲ್ಲ. ಹತ್ತಿರದಲ್ಲೇ ಬಡಿದರೆ ಎಷ್ಟೇ ಒಳ್ಳೆಯ ಎಸ್‌ಎಂಪಿಎಸ್ ಆದರೂ ಉಳಿಯುವುದು ಕಷ್ಟ. ಗುಡುಗು ಶುರುವಾದರೆ ಪ್ಲಗ್ ತೆಗೆಯಿರಿ, ಇಂಟರ್ನೆಟ್ ವಯರನ್ನೂ ತೆಗೆಯಿರಿ. ಮನೆಯ ಅರ್ಥಿಂಗ್ ಒಮ್ಮೆ ಪರೀಕ್ಷೆ ಮಾಡಿಸಿ. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗುತ್ತದೆ, ಅರ್ಥಿಂಗ್ ಗುಂಡಿಗೆ ನೀರು ಹಾಕಬೇಕು.

ನನ್ನ ಸಿಟ್ಟು ಬೆಲೆ ಕಡಿಮೆ ಅಂತಲ್ಲ. 12 ವೋಲ್ಟಿನಲ್ಲಿ 192 ಕೊಟ್ಟು 450 ಅಂತ ಬರೆದಿದ್ದಾರಲ್ಲ, ಅದರ ಮೇಲೆ. ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಅಂದರೆ ಬೇಡ ಅನ್ನಿ. ಗ್ರಾಫಿಕ್ಸ್ ಕಾರ್ಡ್ ಒಂದು ಮೆಟ್ಟಿಲು ಕಡಿಮೆಯದು ಕೊಳ್ಳಿ, ಆ ದುಡ್ಡನ್ನು ಇದಕ್ಕೆ ಹಾಕಿ. ಅಂಗಡಿಯಲ್ಲಿ ಡಬ್ಬಿಯಿಂದ ಹೊರಗೆ ತೆಗೆಸಿ, 12 ವೋಲ್ಟಿನ ಸಾಲಿನ ಮೇಲೆ ಬೆರಳಿಡಿ, ಅಲ್ಲೇ ಫೋನಿನಲ್ಲಿ ಗುಣಿಸಿ. ತೋರಿಸಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ.