ಮೃದಂಗ ತಗೋಳೋಕೆ ಅಂಗಡಿಗೇ ಹೋಗ್ಬೇಕಾ, ಆನ್‌ಲೈನ್ ಸಾಕಾ?

[ಚಾಪೆ ಮೇಲೆ ಎರಡು ಮೃದಂಗ. ಎಡಗಡೆಯದರ ಮೇಲೆ ಒಂದು ಪೆಟ್ಟು: ನಂ. ಬಲಗಡೆಯದರ ಮೇಲೆ: ನಂ.]

ಕೇಳಿಸ್ತಲ್ಲ, ಎರಡರ ಶ್ರುತಿನೂ ಬೇರೆ. ಎಡಗಡೆದು ಮಗಳಿಗೆ ಅಂತ ಆನ್‌ಲೈನಲ್ಲಿ ತರಿಸಿದ್ದು. ಫೋಟೋದಲ್ಲಿ ಫಳಫಳ ಅಂತಿತ್ತು, ಬ್ಯಾಗೂ ಫ್ರೀ. ಪಾಠಕ್ಕೆ ಒಯ್ದ್ರೆ ಮೇಷ್ಟ್ರು ಒಂದ್ಸಲ ಮೀಟಿ ನೋಡಿ, "ಇದು ಒಂದು ಮನೆದು ಕಣ್ರೀ, ಇಲ್ಲಿ ಹುಡುಗೀರು ಹಾಡೋದು ಐದೂವರೆ ಮನೆಗೆ" ಅಂದ್ರು. ಮನೆ ಅಂದ್ರೆ ಶ್ರುತಿಯ ಮೆಟ್ಟಿಲು, ಅಂಕಿ ಏರಿದಷ್ಟೂ ಶ್ರುತಿ ಏರು.

ಗಿಟಾರ್ ಆಗಿದ್ರೆ ಬಿರಡೆ ತಿರುಗಿಸಿ ಸರಿ ಮಾಡ್ಕೋಬಹುದಿತ್ತು. ಮೃದಂಗದಲ್ಲಿ ಆ ಆಟ ನಡೆಯಲ್ಲ. 22 ಅಂಗುಲದ ಆಸುಪಾಸು ಉದ್ದದ್ದು ಏರು ಶ್ರುತಿಗೆ, 24ರದು ತಗ್ಗು ಶ್ರುತಿಗೆ. ಅಂಚಿಗೆ ಕಲ್ಲಲ್ಲಿ ಕುಟ್ಟಿದ್ರೆ ಅರ್ಧ ಮನೆ, ಬಹಳ ಅಂದ್ರೆ ಒಂದು ಮನೆ ಏರುತ್ತೆ. ಅದಕ್ಕೂ ಮೇಲೆ ಎಳೆದ್ರೆ ಚರ್ಮಕ್ಕೇ ಸಂಚಕಾರ.

[ಮೃದಂಗದ ಬಲಮುಖದ ಮುಚ್ಚಿಗೆ, ಅಂದರೆ ಚರ್ಮದ ಹೊದಿಕೆ, ಹತ್ತಿರದಿಂದ]

ಬೆಂಗಳೂರಲ್ಲಿದ್ರೆ ವಾದ್ಯದ ಅಂಗಡಿಗಳಿರೋ ಬಳೇಪೇಟೆಗೆ ಹೋಗಿ, ಆದ್ರೆ ಒಬ್ರೇ ಹೋಗ್ಬೇಡಿ. ಮೇಷ್ಟ್ರನ್ನೋ ಸೀನಿಯರ್ ಹುಡುಗನ್ನೋ ಕರ್ಕೊಂಡು ಹೋಗಿ. ಬಲದ ಅಂಚಿನ ಸುತ್ತ 16 ಕಣ್ಣು, ಅಂದ್ರೆ ಚರ್ಮದ ಬಾರು ಹಾಯೋ ಜಾಗ, ಇರ್ತಾವೆ. ಮೃದಂಗ ತಿರುಗಿಸ್ತಾ ಒಂದೊಂದರ ಹತ್ರಾನೂ 'ನಂ' ಮೀಟಿ. ಎಲ್ಲ ಕಡೆ ಒಂದೇ ಸ್ವರ ಬರ್ಬೇಕು. ಒಂದು ಕಡೆ ಇಳಿದು ಇನ್ನೊಂದು ಕಡೆ ಏರಿದ್ರೆ ಅಲ್ಲೇ ಕಲ್ಲು ತಗೊಂಡು ಸರಿ ಮಾಡಿಕೊಡಿ ಅನ್ನಿ. ನಡುವಿನ ಕಪ್ಪು ಕರಣೆ ಇದೆಯಲ್ಲ, ಕಲ್ಲಿನ ಪುಡಿನ ಅನ್ನದ ಜೊತೆ ಅರೆದು ಪದರ ಪದರವಾಗಿ ತಿಕ್ಕಿ ಕೂರಿಸಿರ್ತಾರೆ. ಅದು ಚಕ್ಕೆ ಏಳ್ತಿದ್ಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿ. ಫೋಟೋದಲ್ಲಿ ಇದ್ಯಾವುದೂ ಕಾಣಲ್ಲ.

ಅಂಗಡಿಯವರೆಲ್ಲ ಸಾಚಾ ಅಂತ ನಾನೇನೂ ಹೇಳ್ತಿಲ್ಲ. ಮುಖ ನೋಡಿ ರೇಟು ಹೇಳೋರೂ ಇದ್ದಾರೆ, ಚೌಕಾಸಿ ಮಾಡ್ಲೇಬೇಕು. ಆದ್ರೆ ಚರ್ಮ ಇವತ್ತಲ್ಲ ನಾಳೆ ಹರಿಯೋದೇ. ಆಗ ಹೊಸ ಮುಚ್ಚಿಗೆ ಹಾಕೋ ಕೈ ಬೇಕು. ಅದಕ್ಕೇ ನಾನು ರೇಟಿಗಿಂತ ಮೊದ್ಲು ಕೇಳೋದು, "ಮುಚ್ಚಿಗೆ ನೀವೇ ಹಾಕ್ತೀರಾ?"

ಶ್ರುತಿ ಪೆಟ್ಟಿಗೆ, ಟ್ಯೂನರ್, ಸ್ಟ್ಯಾಂಡು, ಇವನ್ನೆಲ್ಲ ಧಾರಾಳವಾಗಿ ಆನ್‌ಲೈನಲ್ಲೇ ತಗೊಳ್ಳಿ. ಹೊರದೇಶದಲ್ಲಿರೋರಿಗೆ ಬೋಲ್ಟು ನಟ್ಟಿನ ಮೃದಂಗ ವಾಸಿ, ಬಾರು ಎಳೆಯೋರನ್ನ ಹುಡುಕೋ ಗೋಳಿರಲ್ಲ. ಆರ್ಡರ್ ಮಾಡೋ ಮುಂಚೆ ಅದೇ ಮೃದಂಗ ನುಡಿಸಿ, ಪಕ್ಕದಲ್ಲಿ ಶ್ರುತಿ ಇಟ್ಟು ವಿಡಿಯೋ ಕಳಿಸಿ ಅನ್ನಿ.

[ಎಡಗಡೆಯ ಮೃದಂಗವನ್ನು ಮುಂದಕ್ಕೆ ಎಳೆದುಕೊಂಡು]

ಇದೇನಾಯ್ತು ಅಂತೀರಾ? ನಮ್ಮಣ್ಣ ಹಾಡೋದು ಒಂದು ಮನೆಗೆ. ಅವನು ಬಂದಾಗೆಲ್ಲ ಇದು ಅಟ್ಟದಿಂದ ಇಳಿಯುತ್ತೆ.