ಅಜ್ಜನ ಅಮೆರಿಕನ್ ಕಾರು: ಮೊದಲು ನಂಬರ್ ಓದಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಜ್ಜನ ಕಾಲದ ಅಮೆರಿಕನ್ ಕಾರೊಂದು ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿದೆ, ಈಗ ಅದು ನಿಮ್ಮ ಪಾಲಿಗೆ ಬಂದಿದೆ. ಅಂಥವರಿಗಾಗಿ ಈ ಮಾತು. ಶೆವ್ರೊಲೆ ಇರಲಿ, ಫೋರ್ಡ್ ಇರಲಿ, ನೀವು ಮೊದಲು ಏನು ಮಾಡಲು ಹೊರಟಿದ್ದೀರಿ ಅಂತ ನನಗೆ ಗೊತ್ತು. ಟಿಂಕರಿಂಗ್ ಮಾಡಿಸಿ ಹೊಸ ಪೇಂಟ್ ಹೊಡೆಸುವುದು, ಅಲ್ವಾ? ದಯವಿಟ್ಟು ಬೇಡ. ಮೊದಲು ನಂಬರ್ ಓದಿ. ಪೇಂಟ್ ಆಮೇಲೆ.

ನಾನು ಹೇಳುತ್ತಿರುವುದು ರಿಜಿಸ್ಟ್ರೇಷನ್ ನಂಬರ್ ಅಲ್ಲ, ಕಾರು ತಯಾರಿಸಿದವರು ಗಾಡಿಯ ಮೇಲೇ ಹಾಕಿದ ನಂಬರ್. ಬಾನೆಟ್ ಎತ್ತಿ. ಇಂಜಿನ್ನಿನ ಹಿಂದಿರುವ ತಗಡಿನ ಗೋಡೆಯ ಮೇಲೆ ಪುಟ್ಟ ಫಲಕ ಇದೆಯಾ ನೋಡಿ. ಮುಂದಿನ ಬಾಗಿಲು ತೆರೆದು, ಕೀಲು ಕೂರುವ ಕಂಬ ನೋಡಿ. ಚಾಸಿಯ ಮೇಲೆ, ಅಂದರೆ ಗಾಡಿಯ ಅಡಿಚೌಕಟ್ಟಿನ ಮೇಲೆ, ಇಂಜಿನ್ ಬ್ಲಾಕಿನ ಮೇಲೆ ಕುಟ್ಟಿದ ಅಂಕಿಗಳನ್ನು ಹುಡುಕಿ. ಈಗಿನ 17 ಅಕ್ಷರದ ನಂಬರ್ ಅಮೆರಿಕದಲ್ಲಿ ಬಂದದ್ದು 1981ರಲ್ಲಿ. ಅದಕ್ಕೂ ಮುಂಚೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಫೋರ್ಡಿನ ಮಾಡೆಲ್ ಟಿ ಕಾರಿಗೆ ಇಂಜಿನ್ ನಂಬರೇ ಗಾಡಿಯ ನಂಬರ್. ಪ್ಲಿಮತ್ ಅನ್ನುವ ಅಮೆರಿಕನ್ ಕಾರಿನ ಇಂಜಿನ್ ನಂಬರ್ ಪಿ15 ಅಂತ ಶುರುವಾದರೆ ಅದು ಎರಡನೇ ಮಹಾಯುದ್ಧ ಮುಗಿದ ಮೇಲಿನ ಮಾಡೆಲ್ಲಿನದು.

ಪ್ಲಿಮತ್ ಅಂದಾಗ ಒಂದು ಕಥೆ ಹೇಳಲೇಬೇಕು. ಸಕಲೇಶಪುರದ ಕಡೆ ಒಂದು ಕಾಫಿ ತೋಟದ ಮನೆ. "ನಮ್ಮಜ್ಜ 1944ರಲ್ಲಿ ತರಿಸಿದ್ದು ಸರ್. ಅಮೆರಿಕದ ಹಡಗಿನಿಂದ ಇಳಿದು ಸೀದಾ ನಮ್ಮ ಮನೆಗೆ ಬಂದ ಹೊಸ ಗಾಡಿ" ಅಂದರು ಮೊಮ್ಮಗ. ನನಗೆ ಅಲ್ಲೇ ಅನುಮಾನ. ಯುದ್ಧದ ಕಾರಣಕ್ಕೆ 1942ರ ಫೆಬ್ರವರಿಯಲ್ಲೇ ಅಮೆರಿಕದಲ್ಲಿ ಜನಸಾಮಾನ್ಯರ ಕಾರು ತಯಾರಿಸುವುದು ನಿಂತುಹೋಗಿತ್ತು. ಮತ್ತೆ ಶುರುವಾದದ್ದು 1945ರಲ್ಲಿ. 1944ರಲ್ಲಿ ಹೊಸ ಪ್ಲಿಮತ್ ಎಲ್ಲಿಂದ ಬರಬೇಕು? ಆದರೂ ಬಾಯಿ ಬಿಡಲಿಲ್ಲ. ಜಗುಲಿಯಲ್ಲಿ ಅಜ್ಜಿ ಕೂತಿದ್ದರು. ತೊಂಬತ್ತು ದಾಟಿದ್ದರೂ ಕಿವಿ ಬಲು ಚುರುಕು.

ಅಷ್ಟರಲ್ಲಿ ಗ್ಯಾರೇಜಿನ ಮೇಸ್ತ್ರಿ ಹಳೇ ಪೇಂಟ್ ಉಜ್ಜುವ ಗ್ರೈಂಡರ್ ಹಿಡಿದು ಬಾನೆಟ್ ಒಳಗೆ ಬಗ್ಗಿದ್ದ. "ನಿಲ್ಲಿಸಪ್ಪಾ!" ಅಂತ ಕೂಗಿಕೊಂಡೆ. ಫಲಕದ ಮೇಲೆ ಹಳೇ ಪೇಂಟು ದಪ್ಪಗೆ ಕೂತಿತ್ತು. ಥಿನ್ನರ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸುತ್ತಾ ಹೋದೆ. ಅಕ್ಷರ ಎದ್ದು ಬಂತು. ಪ್ರೀಮಿಯರ್ ಆಟೊಮೊಬೈಲ್ಸ್, ಬಾಂಬೆ!

ಅದು ವಾಲ್‌ಚಂದ್ ಹೀರಾಚಂದ್ ಕಟ್ಟಿದ ಕಂಪನಿ. ಪ್ಲಿಮತ್ ತಯಾರಿಸುವ ಅಮೆರಿಕದ ಕ್ರೈಸ್ಲರ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು, ಬಿಡಿಭಾಗ ತರಿಸಿ, ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊ ಜೋಡಿಸುತ್ತಿದ್ದರು. ಆ ಕೆಲಸ ಶುರುವಾದದ್ದೇ 1947ರಲ್ಲಿ. ಇಂಜಿನ್ ನಂಬರ್ ನೋಡೋಣ ಅಂದರೆ ಅಲ್ಲಿದ್ದದ್ದು ಡೀಸೆಲ್ ಇಂಜಿನ್! ಪೆಟ್ರೋಲ್ ಕುಡಿಯುವ ಎಷ್ಟೋ ಅಮೆರಿಕನ್ ಗಾಡಿಗಳಿಗೆ ನಮ್ಮವರು ಹೀಗೇ ಡೀಸೆಲ್ ಇಂಜಿನ್ ಕೂರಿಸಿದ್ದಾರೆ. ಕೊನೆಗೆ ಡಿಕ್ಕಿಯಲ್ಲಿ, ಸ್ಟೆಪ್ನಿ ಕೆಳಗೆ, ಹಳೇ ಆರ್‌ಸಿ ಪುಸ್ತಕ ಸಿಕ್ಕಿತು. ಮೊದಲ ಮಾಲೀಕರು ಬಾಂಬೆಯವರು. ಅಜ್ಜ ಮೂರನೆಯವರು.

ಅಜ್ಜಿಗೆ ಸಿಟ್ಟು ಬಂತು, ನನ್ನ ಮೇಲಲ್ಲ, ಅಜ್ಜನ ಮೇಲೆ. "ಮೂರನೇ ಕೈ ಗಾಡಿಯಾ? ಹೊಸದು ಅಂತ ಹೇಳಿ ನಮ್ಮಪ್ಪನ ಹತ್ರ ದುಡ್ಡು ಇಸ್ಕೊಂಡಿದ್ರಲ್ಲ!" ಆಮೇಲೆ ಅವರು ಬಾಯಿಬಿಟ್ಟ ಕಥೆಗಳನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಫಲಕ ಓದದೆ ಗ್ರೈಂಡರ್ ಹೊಡೆದಿದ್ದರೆ ಇವೆಲ್ಲ ಎಲ್ಲಿ ಸಿಗುತ್ತಿದ್ದವು?

ಸಮಯ ಜಾಸ್ತಿ ಇಲ್ಲ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹಳೇ ರಿಜಿಸ್ಟ್ರೇಷನ್ ನಂಬರ್ ಎಂವೈ ಅಂತ ಶುರುವಾದರೆ ಮೈಸೂರು, ಬಿಎಂ ಅಂದರೆ ಬಾಂಬೆ ರಾಜ್ಯ. ಆದರೆ ಧಾರವಾಡ, ಬೆಳಗಾವಿ 1956ರವರೆಗೆ ಬಾಂಬೆಗೇ ಸೇರಿದ್ದವು, ಅದು ನೆನಪಿರಲಿ. ಇನ್ನು ಗಾಡಿಗೆ ಐವತ್ತು ವರ್ಷ ದಾಟಿದ್ದರೆ 2021ರ ನಿಯಮದ ಪ್ರಕಾರ 'ವಿಎ' ಸರಣಿಯ ವಿಂಟೇಜ್ ನಂಬರ್ ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು ಅನ್ನುತ್ತದೆ ನಿಯಮ. ಕೇಳಿಸ್ತಾ? ಮೂಲ ರೂಪ! ಕೈ ಹಾಕುವ ಮೊದಲು ನಂಬರ್ ಓದಿ, ಫೋಟೊ ತೆಗೆಯಿರಿ, ಆರ್‌ಟಿಓದಲ್ಲಿ ಮಾಡುವ ಹಾಗೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಚಾಸಿ ನಂಬರಿನ ಪ್ರಿಂಟ್ ತೆಗೆದಿಡಿ.

ಅಮೆರಿಕಕ್ಕೂ ಬರೆಯಬಹುದು. ನಿಮ್ಮದು ಸ್ಟುಡೆಬೇಕರ್ ಕಂಪನಿಯ ಕಾರಾಗಿದ್ದರೆ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಅದರದೇ ಮ್ಯೂಸಿಯಂ ಇದೆ, ಹಳೇ ತಯಾರಿ ದಾಖಲೆ ಇಟ್ಟಿದ್ದಾರೆ. ಫೋರ್ಡ್ ಕಾಗದಪತ್ರಗಳು ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿವೆ. ಆದರೆ ನಿಮ್ಮ ಅಜ್ಜನ ಹೆಸರು, ತೋಟದ ಹೆಸರು ಬರೆದು ಪತ್ರ ತುಂಬಿಸಬೇಡಿ. ಅವರಿಗೆ ಬೇಕಾದದ್ದು ಗಾಡಿಯ ನಂಬರ್, ಫಲಕದ ಸ್ಪಷ್ಟವಾದ ಫೋಟೊ. ಅಷ್ಟೇ.

ನಮಸ್ಕಾರ.