ತಲೆಗೆ ಒಂಬತ್ತು ಪೌಂಡ್ ಅಂದವರೇ ದುಬಾರಿಯಾದರು

ಈ ವಿಡಿಯೋ ಶುರುವಾಗುವುದು ಬೆಳಿಗ್ಗೆ ಆರೂವರೆಗೆ. ಇದು ಇಂಗ್ಲೆಂಡ್‌ನ ಡರ್ಬಿಶೈರ್‌ನ ಒಂದು ಹಳ್ಳಿಯ ಸಮುದಾಯ ಭವನ, ಅದರ ಹಿಂದಿನ ಪಾರ್ಕಿಂಗ್. ಜುಲೈ ತಿಂಗಳು, ಆದರೂ ನಾನು ಸ್ವೆಟರ್ ಹಾಕಿಕೊಂಡಿದ್ದೇನೆ. ಆ ಟ್ರೇಲರ್ ಮೇಲೆ ಉದ್ದನೆಯ ಸ್ಟೀಲ್ ಪೆಟ್ಟಿಗೆ ಕಾಣಿಸುತ್ತಿದೆಯಲ್ಲ, ಅದರೊಳಗೆ ಒಂದು ಇಡೀ ಹಂದಿ ಇದೆ. 60 ಕೆ.ಜಿ. ಊಟ ಮಧ್ಯಾಹ್ನ ಎರಡೂವರೆಗೆ. ಅಲ್ಲಿಯವರೆಗೂ ಅದು ಬೇಯುತ್ತಲೇ ಇರುತ್ತದೆ.

ನಮ್ಮ ಮದುವೆಗೆ ಹತ್ತು ವರ್ಷ ತುಂಬಿತು. ಎಂಬತ್ತು ಜನರನ್ನು ಕರೆದಿದ್ದೇವೆ. ಇಂಗ್ಲೆಂಡ್‌ನಲ್ಲಿ ಬೇಸಿಗೆ ಪಾರ್ಟಿ ಅಂದರೆ ಹಾಗ್ ರೋಸ್ಟ್, ಇಡೀ ಹಂದಿಯನ್ನು ಸುಟ್ಟು ಬಡಿಸುವುದು. ಆಫೀಸಿನವರೆಲ್ಲ ಅದನ್ನೇ ಹೇಳಿದರು. ನಾನು ವಿರಾಜಪೇಟೆ ಕಡೆಯವಳು. ಹಂದಿ ಅಂದರೆ ಬೇಡ ಅನ್ನುವ ಪ್ರಶ್ನೆಯೇ ಇಲ್ಲ. ನಮ್ಮ ಮನೆಯವರು ತುಮಕೂರಿನವರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಪಾಪ, ಒಪ್ಪಿಕೊಂಡರು.

ಅವ್ವನಿಗೆ ವಿಡಿಯೋ ಕಾಲ್ ಮಾಡಿ ಹೇಳಿದೆ. ಅವರ ಮೊದಲ ಪ್ರಶ್ನೆ, "ಕೆ.ಜಿ.ಗೆ ಎಷ್ಟಂತೆ?"

ಊರಲ್ಲಿ ಲೆಕ್ಕ ಹಾಗೇ ಅಲ್ವಾ? ಇಷ್ಟು ಜನಕ್ಕೆ ಇಷ್ಟು ಕೆ.ಜಿ., ಕೆ.ಜಿ.ಗೆ ಇಷ್ಟು ರೂಪಾಯಿ. ಇಲ್ಲಿ ಯಾರೂ ಕೆ.ಜಿ. ಮಾತೇ ಎತ್ತಲಿಲ್ಲ. ಎಲ್ಲರೂ ತಲೆ ಲೆಕ್ಕ ಹೇಳಿದರು. ನಾನು ಮೋಸ ಹೋಗುತ್ತಿದ್ದದ್ದು ಅಲ್ಲೇ.

ಮೂರು ಕಡೆ ರೇಟ್ ಕೇಳಿದ್ದೆ. ಯಾರ ಹೆಸರನ್ನೂ ಹೇಳುವುದಿಲ್ಲ. ಮೊದಲನೆಯವರು, ತಲೆಗೆ 9 ಪೌಂಡ್. ಎರಡನೆಯವರು ತಲೆ ಲೆಕ್ಕವೇ ಇಲ್ಲ ಅಂದರು. ನೂರು ಜನರವರೆಗೆ ಒಟ್ಟು 795 ಪೌಂಡ್. ಮೂರನೆಯವರು, ತಲೆಗೆ ಹದಿನಾಲ್ಕೂವರೆ ಪೌಂಡ್. ಮೂರನೆಯವರ ಇಮೇಲ್ ಅನ್ನು ನಾನು ಪೂರ್ತಿ ಓದದೆ ಮುಚ್ಚಿಬಿಟ್ಟಿದ್ದೆ.

ಆಮೇಲೆ ಒಂದು ರಾತ್ರಿ ಪೆನ್ನು ಹಿಡಿದು ಕೂತೆ. ನಮ್ಮಲ್ಲಿ ಮಾಂಸ ತಿನ್ನುವವರು 58, ಸಸ್ಯಾಹಾರಿಗಳು 22.

ಒಂಬತ್ತು ಪೌಂಡಿನವರ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ಕನಿಷ್ಠ ನೂರು ಜನ. ಅಂದರೆ ಎಂಬತ್ತು ಜನ ಬಂದರೂ 900 ಪೌಂಡ್ ಕೊಡಬೇಕು. ಅದರ ಮೇಲೆ ವ್ಯಾಟ್ ಬೇರೆ. ಇಲ್ಲಿ ಕೇಟರಿಂಗ್‌ಗೆ 20 ಪರ್ಸೆಂಟ್ ವ್ಯಾಟ್. ಆಯಿತು 1,080. ದೂರದಿಂದ ಬರುವ ಖರ್ಚು 40. ಒಟ್ಟು 1,120. ಇಷ್ಟಾದ ಮೇಲೂ ಆ 22 ಜನರಿಗೆ ಬನ್ನು, ಸೊಪ್ಪು ಅಷ್ಟೇ.

ಹದಿನಾಲ್ಕೂವರೆಯವರ ಪತ್ರ ಮತ್ತೆ ತೆರೆದೆ. ವ್ಯಾಟ್ ಸೇರಿದೆ, ಸಲಾಡ್ ಸೇರಿದೆ, ತಟ್ಟೆ ಸೇರಿದೆ. ಕನಿಷ್ಠ 60 ಜನ, ಅದು 870. ಸಸ್ಯಾಹಾರಿಗಳಿಗೆ ತಲೆಗೆ 9ರಂತೆ 198. ಒಟ್ಟು 1,068. ದುಬಾರಿ ಅಂತ ಮುಚ್ಚಿಟ್ಟಿದ್ದೇ ಅಗ್ಗ!

ಎರಡನೆಯವರ 795ಕ್ಕೆ ವ್ಯಾಟ್ ಇರಲಿಲ್ಲ. ಇದೇನು ತೆರಿಗೆ ಕಳ್ಳತನವಾ ಅಂತ ನನಗೂ ಅನುಮಾನ ಬಂತು. ಹಾಗಲ್ಲ. ವರ್ಷದ ವಹಿವಾಟು 90,000 ಪೌಂಡ್ ದಾಟದಿದ್ದರೆ ವ್ಯಾಟ್ ನೋಂದಣಿ ಕಡ್ಡಾಯವಿಲ್ಲ. ಅವರದು ಗಂಡ ಹೆಂಡತಿ ನಡೆಸುವ ಸಣ್ಣ ವ್ಯಾಪಾರ. ಆದರೆ ಆ 795ರಲ್ಲಿ ಇರುವುದು ಹಂದಿ, ಬನ್ನು, ಸೇಬಿನ ಸಾಸ್, ಸೇಜ್ ಸೊಪ್ಪು ಈರುಳ್ಳಿಯ ಸ್ಟಫಿಂಗ್, ಕಾಗದದ ತಟ್ಟೆ ಮಾತ್ರ. ಸಲಾಡ್ ಬೇಕಾದರೆ ತಲೆಗೆ ಎರಡೂವರೆ, ಎಂಬತ್ತು ಜನಕ್ಕೆ 200. ಸಸ್ಯಾಹಾರದ ಬರ್ಗರ್ ತಲೆಗೆ 6, ಅದು 132. ಎಲ್ಲ ಕೂಡಿಸಿದರೆ 1,127. ಮೂವರಲ್ಲಿ ಇದೇ ಜಾಸ್ತಿ!

ಆಗ ನಮ್ಮ ಮನೆಯವರು ಪಕ್ಕದಲ್ಲಿ ಕೂತು, "ಸಲಾಡಿಗೆ 200 ಪೌಂಡ್ ಯಾಕೆ? ಕೋಸಂಬರಿ ನಾನು ಮಾಡುತ್ತೇನೆ" ಅಂದರು. ಅವರ ಅಕ್ಕ ಲೆಸ್ಟರ್‌ನಲ್ಲಿದ್ದಾರೆ, ಪುಳಿಯೋಗರೆ ಅವರದು. ಹೀಗೆ 795ರವರೇ ಗಟ್ಟಿಯಾದರು. ಹೊರಗಿನ ಊಟ ತಂದರೆ ತೊಂದರೆ ಇಲ್ಲವಾ ಅಂತ ಮೊದಲೇ ಕೇಳಿಕೊಂಡಿದ್ದೆ.

ಸರಿ, ಒಂದು ಹಂದಿಗೆ ಇಷ್ಟೆಲ್ಲ ದುಡ್ಡು ಯಾಕೆ? ಅಸಲು ವಿಷಯ ಅಂದರೆ, ನಾವು ಹಂದಿಗೆ ದುಡ್ಡು ಕೊಡುತ್ತಿಲ್ಲ. 2025ರ ಬೇಸಿಗೆಯಲ್ಲಿ ಇಲ್ಲಿ ರೈತನಿಗೆ ಕಡಿದು ಶುಚಿ ಮಾಡಿದ ತೂಕದ ಮೇಲೆ ಕೆ.ಜಿ.ಗೆ 2 ಪೌಂಡ್ ಮೇಲೆ ಚಿಲ್ಲರೆ ಸಿಗುತ್ತಿತ್ತು. 60 ಕೆ.ಜಿ.ಗೆ ಹೆಚ್ಚುಕಮ್ಮಿ 125 ಪೌಂಡ್. ಬುಚರ್ ಅದರ ಮೇಲೆ ತನ್ನದನ್ನು ಸೇರಿಸುತ್ತಾನೆ, ನಿಜ. ಈಗ ಆ ಟ್ರೇಲರ್ ಪಕ್ಕ ನಿಂತಿರುವ ಮನುಷ್ಯನನ್ನು ನೋಡಿ. ಬೆಳಿಗ್ಗೆ ಆರಕ್ಕೆ ಬಂದವರು ಸಂಜೆ ಐದಕ್ಕೆ ಹೋಗುತ್ತಾರೆ, ಹನ್ನೊಂದು ಗಂಟೆ. ಅವರ ಹೆಂಡತಿ ಬಡಿಸಲು ಬಂದು ನಾಲ್ಕು ಗಂಟೆ ಇರುತ್ತಾರೆ. 2025ರ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ಹದಿನೈದು ಗಂಟೆಗೆ 183 ಆಯಿತು, ಹಂದಿಯನ್ನು ಮೀರಿತು. ಅದರ ಮೇಲೆ ಗ್ಯಾಸು, ವ್ಯಾನು, ವಿಮೆ, ಹಿಂದಿನ ದಿನದ ತಯಾರಿ, ಜಿಡ್ಡು ತುಂಬಿದ ಆ ಮಷಿನ್ ತೊಳೆಯುವ ಕೆಲಸ. ಇದೆಲ್ಲ ಮೂವತ್ತು ಜನ ಬಂದರೂ ಅಷ್ಟೇ, ನೂರು ಜನ ಬಂದರೂ ಅಷ್ಟೇ. ಅದಕ್ಕೇ ಮೂವತ್ತು ಜನಕ್ಕೆ ಇಡೀ ಹಂದಿ ಹೇಳಬೇಡಿ. ಬರೀ ಭುಜ ಅಥವಾ ತೊಡೆ ಸುಟ್ಟು ಕೊಡುವವರಿದ್ದಾರೆ.

ಮಷಿನ್ ಬಾಡಿಗೆಗೆ ತಂದು ನಾವೇ ಸುಡಬಹುದು. ಮಾಂಸದ ಒಳಗಿನ ಬಿಸಿ 70 ಡಿಗ್ರಿ ಮುಟ್ಟಿ ಎರಡು ನಿಮಿಷ ನಿಲ್ಲಬೇಕು, ಅದನ್ನು ಥರ್ಮಾಮೀಟರ್ ಚುಚ್ಚಿ ನೋಡಬೇಕು. ನನ್ನದೇ ಪಾರ್ಟಿಯಲ್ಲಿ ರೇಷ್ಮೆ ಸೀರೆ ಉಟ್ಟುಕೊಂಡು ಆ ಕೆಲಸ ಮಾಡುವಷ್ಟು ಉಮೇದು ನನಗಿಲ್ಲ.

ಹನ್ನೊಂದು ಗಂಟೆ. ಮಳೆ! ಹಂದಿ ಸುಡುವವರು ಮೊದಲೇ ಕೇಳಿದ್ದರು, ಟೆಂಟ್ ಬೇಕಾ, 50 ಪೌಂಡ್ ಅಂತ. ಜುಲೈನಲ್ಲಿ ಯಾಕೆ ಅಂದವಳು ನಾನೇ. ಗ್ಯಾಸ್ ಮಷಿನ್ ಅನ್ನು ಹಾಲ್ ಒಳಗೆ ಬಿಡುವುದಿಲ್ಲ. ಇದು ಎರಡೂವರೆಯ ದೃಶ್ಯ ನೋಡಿ, ಜನ ಛತ್ರಿ ಹಿಡಿದು ಸಾಲು ನಿಂತಿದ್ದಾರೆ. ಆ 50 ಕೊಡಬೇಕಿತ್ತು.

ಇದು ಕ್ರ್ಯಾಕ್ಲಿಂಗ್. ಹಂದಿಯ ತೊಗಲಿಗೆ ಗೀರು ಹಾಕಿ, ಉಪ್ಪು ಉಜ್ಜಿ ಸುಟ್ಟಾಗ ಹಪ್ಪಳದ ಹಾಗೆ ಉಬ್ಬುತ್ತದೆ. ಶಬ್ದ ಕೇಳಿಸಿತಾ? ಸಾಲಿನ ಮುಂದಿದ್ದವರು ಅಂಗೈಯಗಲ ತೆಗೆದುಕೊಂಡರು, ಕೊನೆಯ ಹತ್ತು ಜನಕ್ಕೆ ಸಿಗಲೇ ಇಲ್ಲ. ಸಣ್ಣ ಚೂರು ಮಾಡಿ ಹಂಚಿ ಅಂತ ಮೊದಲೇ ಹೇಳಬೇಕಂತೆ. ಇನ್ನು ಬನ್ನಿನ ಹೆಸರಿಗೆ ಒಂದು ಜಗಳವೇ ನಡೆಯಿತು. ಡರ್ಬಿಯವರಿಗೆ ಅದು ಕಾಬ್, ಮ್ಯಾಂಚೆಸ್ಟರ್‌ನವರಿಗೆ ಬಾರ್ಮ್, ಕೊವೆಂಟ್ರಿಯವರಿಗೆ ಬ್ಯಾಚ್. ಪುಳಿಯೋಗರೆ ಮಾತ್ರ ಮೂರು ಊರಿನವರೂ ಎರಡೆರಡು ಸಲ ಹಾಕಿಸಿಕೊಂಡರು.

ಸಂಜೆ ಐದು. ಮೂಳೆ, ತಲೆ, ಕರಗಿದ ಕೊಬ್ಬು, ಆರಿದ ನೀರು ಎಲ್ಲ ಕಳೆದರೆ 60 ಕೆ.ಜಿ.ಯಲ್ಲಿ ತಿನ್ನುವ ಮಾಂಸ 25 ಕೆ.ಜಿ. ಆಸುಪಾಸು. ನಮ್ಮಲ್ಲಿ ಸುಮಾರು ಏಳು ಕೆ.ಜಿ. ಉಳಿಯಿತು. ಉಳಿದದ್ದು ಯಾರಿಗೆ ಅಂತ ಬುಕ್ ಮಾಡುವಾಗಲೇ ಕೇಳಿದ್ದೆ, ಡಬ್ಬ ತಂದರೆ ನಮಗೇ ಅಂದಿದ್ದರು. ಎಂಟು ಡಬ್ಬ ಒಯ್ದಿದ್ದೆ. ಬೇಗ ತುಂಬಿ ಫ್ರಿಜ್‌ಗೆ ಸೇರಿಸಿದೆವು. ತಮ್ಮ ಮೊಸರಿಗೆ ಜಾಗ ಇಲ್ಲದೆ ಮನೆಯವರು ಸ್ವಲ್ಪ ಮುನಿಸಿಕೊಂಡಿದ್ದಾರೆ.

ಮರುದಿನ ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿದೆ. ಬಾಯಲ್ಲೇ ಭಾಗಾಕಾರ ಮಾಡಿ ಅವರ ಕೆ.ಜಿ. ಲೆಕ್ಕ ಒಪ್ಪಿಸಿದೆ. 795ನ್ನು 25ರಿಂದ ಭಾಗಿಸಿದರೆ ಬೆಂದ ಮಾಂಸ ಕೆ.ಜಿ.ಗೆ 32 ಪೌಂಡ್, ಸುಮಾರು 3,700 ರೂಪಾಯಿ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದರು, "ಮಸಾಲೆ ಎಂತ ಹಾಕಿದರು?"

"ಉಪ್ಪು ಅವ್ವ."

"ಬರೀ ಉಪ್ಪಾ?"

ಈಗ ನೀವು ನೋಡುತ್ತಿರುವುದು ನಮ್ಮ ಅಡುಗೆಮನೆ. ಆ ಏಳು ಕೆ.ಜಿ.ಯಲ್ಲಿ ಒಂದು ಡಬ್ಬ ಬಾಣಲೆಗೆ ಬಿತ್ತು. ಹುರಿದ ಮೆಣಸು, ಜೀರಿಗೆ, ಕೊತ್ತಂಬರಿ ಪುಡಿ. ಕೊನೆಗೆ ಊರಿಂದ ತಂದ ಬಾಟಲಿಯ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿ ರಸ, ಒಂದು ಚಮಚ. ಅವ್ವ ಇನ್ನೂ ಲೈನ್‌ನಲ್ಲೇ ಇದ್ದಾರೆ. ಇನ್ನರ್ಧ ಚಮಚ ಹಾಕು ಅನ್ನುತ್ತಿದ್ದಾರೆ.